ಕನ್ನಡ ಪತ್ರಿಕೆಗಳ ಆದಿಪುರುಷ ಮೋಗ್ಲಿಂಗ್

ಪ್ರತಿವರ್ಷವೂ ಜುಲೈ 1ನೆಯ ತಾರೀಖನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುವರು. ಆ ದಿನದ ಹಿರಿಮೆಯು ನಮ್ಮ ಮಂಗಳೂರಿನದೆಂದು ಬಲ್ಲವರು ಅನೇಕರಾದರೂ, ಅದನ್ನು ಗಳಿಸಿಕೊಟ್ಟ ಮಹನೀಯನ ಚರಿತ್ರೆಯನ್ನು ಅರಿತವರು ವಿರಳ. ಆದುದರಿಂದ ಹೆರ್ಮನ್ ಮೋಗ್ಲಿಂಗರ ವಿಷಯದಲ್ಲಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವೆವು.

ಮೋಗ್ಲಿಂಗರು 1811ರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಲ್ಲಿ ಜನಿಸಿದರು. ಟ್ಯೂಬಿಂಗೆನ್ನಿನ ವಿದ್ಯಾಪೀಠದಲ್ಲಿ ವ್ಯಾಸಂಗ ಮಾಡಿ, ಬಾಸೆಲ್ ಮಿಶನ್ನಿನ ಪಾದ್ರಿಯಾಗಿ 1836ರಲ್ಲಿ ಭರತಖಂಡಕ್ಕೆ ಬಂದರು. 1841ರಲ್ಲಿ ಮಂಗಳೂರಿನಲ್ಲಿ ಮಿಶನ್ನಿನ ಕಲ್ಲಚ್ಚಿನ ಮುದ್ರಣಾಲಯವು ಹುಟ್ಟಿತು. 1843ನೆಯ ಜುಲೈ 1ರಂದು ಅಲ್ಲಿಂದ “ಮಂಗಳೂರ ಸಮಾಚಾರ”ವು ಹೊರಬಿದ್ದಿತು.

ಆಗ ಇಲ್ಲಿ ಕನ್ನಡದ ಅಚ್ಚುಮೊಳೆಗಳಿರಲಿಲ್ಲ. ಜಿಡ್ಡುಮಸಿಯಿಂದ ಅಕ್ಷರಗಳನ್ನು ಕಲ್ಲಿನ ಮೇಲೆ ಮೂಡಿಸಿ, ಕಲ್ಲನ್ನು ನೀರಿನಿಂದ ನೆನೆಯಿಸಿ, ಮಸಿಯುರುಳೆಯನ್ನು ಹಾಯಿಸಿ, ಒಂದೊಂದೇ ಹಾಳೆಯನ್ನು ಒತ್ತಿ ತೆಗೆಯಬೇಕಾಗಿತ್ತು. ಇಷ್ಟು ಪ್ರಯಾಸದಿಂದ ಪಕ್ಷಕ್ಕೊಮ್ಮೆ ಹೊರಡುತ್ತಿದ್ದ ಪತ್ರಿಕೆಯ ಬೆಲೆ ಒಂದು ದುಡ್ಡು ಮಾತ್ರ. ಊರಿನ ವರ್ತಮಾನ, ಸರಕಾರದ ನಿರೂಪಗಳು, ಪರರಾಜ್ಯಗಳ ಸುದ್ದಿ, ಕಥೆ, ಗಾದೆ ಇವೆಲ್ಲವೂ ಅದರಲ್ಲಿ ಒಟ್ಟಿಗಿದ್ದವು. ಕಚೇರಿಯ ಅಧಿಕಾರಿಗಳಿಗೂ ಅವರ ಬಳಿ ಸುಳಿಯುವವರಿಗೂ ಮೀಸಲಾಗಿದ್ದ ವಿಷಯಗಳು ಅಂಗಡಿಯ ಜಗಲಿಗೆ ಬಂದುದೇ ಅದರ ನಿಜವಾದ ಮಹತ್ವವು. ಮರುವರ್ಷವೇ ಪತ್ರಿಕೆಯು ಅಚ್ಚುಮೊಳೆಗಳಿದ್ದ ಬಳ್ಳಾರಿಗೆ ಹೋಗಿ “ಕನ್ನಡ ಸಮಾಚಾರ”ವೆನಿಸಿತು. ಅಲ್ಲಿಯೂ ಬಹುಕಾಲ ಬಾಳಲಿಲ್ಲ.

ಮತಪ್ರಚಾರಕ್ಕೆಂದು ಬಂದ ವಿದೇಶೀಯನನ್ನು ನಾವೇಕೆ ಕೊಂಡಾಡಬೇಕೆಂದು ಕೆಲವರು ಕೇಳಬಹುದು. ಅವರು ಬಂದುದು ಮತಪ್ರಚಾರಕ್ಕೆಂಬುದು ದಿಟವೇ. ಅದನ್ನು ಮರೆಮಾಚುವುದು ನಮ್ಮ ಇಷ್ಟವಲ್ಲ. ಆದರೆ ಬಸವಪುರಾಣ, ಜೈಮಿನಿಭಾರತ, ದಾಸರ ಪದಗಳು ಮೊದಲಾದವನ್ನು ಸಂಗ್ರಹಿಸಿ, “ಬಿಬ್ಲಿಯೋಥೆಕಾ ಕರ್ನಾಟಿಕಾ” ಎಂಬ ಮಾಲೆಯಲ್ಲಿ 1848ರಿಂದ ಅಚ್ಚು ಹಾಕಿಸಿದವರೂ ಅವರೇ. ಕ್ರೈಸ್ತ ಪಾದ್ರಿಯು ಹರಿದಾಸರ ಮತ್ತು ಶಿವಶರಣರ ವಾಙ್ಮಯವನ್ನು ಉಳಿಸುವುದಕ್ಕೆ ಶ್ರಮಪಟ್ಟನೆಂಬುದು ಸಾಮಾನ್ಯ ಸಂಗತಿಯಲ್ಲ. ಆ ಕಾಲದಲ್ಲಿ ನಮ್ಮವರೇ ಅನೇಕರು ತಾಳೆಗರಿಗಳನ್ನು ಅಟ್ಟದ ಮೇಲೆ ಗೆದ್ದಲಿಗೆ ಬಿಟ್ಟಿದ್ದರು. ಉಪಕಾರವನ್ನು ಒಪ್ಪಿಕೊಳ್ಳುವುದರಿಂದ ದೇಶಾಭಿಮಾನಕ್ಕೆ ಕುಂದುಂಟಾಗದು.

ತರುವಾಯ ಅವರು ಕೊಡಗಿನಲ್ಲಿ ನೆಲಸಿ, ಆ ನಾಡಿನ ವಿಷಯವಾಗಿ 1855ರಲ್ಲಿ ಗ್ರಂಥವನ್ನು ಪ್ರಕಟಿಸಿದರು. 1858ರಲ್ಲಿ ಟ್ಯೂಬಿಂಗೆನ್ ವಿದ್ಯಾಪೀಠವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. 1860ರಲ್ಲಿ ಸ್ವದೇಶಕ್ಕೆ ಮರಳಿ, 1881ರಲ್ಲಿ ಎಸ್ಲಿಂಗೆನ್ನಿನಲ್ಲಿ ಕಾಲವಾದರು.

ಅವರ ಕಲ್ಲಚ್ಚಿನ ಹಾಳೆಯ ತರುವಾಯ ಈ ಊರು ಎಷ್ಟೋ ಪತ್ರಿಕೆಗಳನ್ನು ಕಂಡಿತು. 1976ರಲ್ಲಿ ಆಕಾಶವಾಣಿಯ ಕೇಂದ್ರವೂ ಬಂದಿತು. ಇಂದು ದೂರದರ್ಶನ, ಕೈಫೋನುಗಳಲ್ಲಿ ಸುದ್ದಿಯು ಕ್ಷಣಮಾತ್ರದಲ್ಲಿ ಮುಟ್ಟುವುದು. ಆದರೆ ದೂರದ ರಾಜಧಾನಿಯ ಗದ್ದಲವೆಲ್ಲ ಕಿವಿಗೆ ಬೀಳುವಾಗ, ನಮ್ಮ ಬೀದಿಯ ನೀರಿನ ನಲ್ಲಿಯ ಮಾತನ್ನು ಬರೆಯುವವರು ಕಡಿಮೆಯಾಗುತ್ತಿರುವರು. ಊರಿನ ಸುದ್ದಿಯನ್ನು ವಿಚಾರಿಸಿ ಬರೆಯುವವನಿಲ್ಲದೆಡೆಯಲ್ಲಿ ಗಾಳಿಸುದ್ದಿಯೇ ಸಂಪಾದಕನಾಗುವುದು. ಅದರಿಂದ ನೆರೆಹೊರೆಯವರು ಶತ್ರುಗಳಾಗುವರು. ಪತ್ರಿಕೆಯನ್ನು ನಡೆಯಿಸುವವರು ನಿಷ್ಪಕ್ಷಪಾತವಾಗಿ ಬರೆಯಬೇಕು. ಓದುವವರು ಚಂದಾ ಕೊಟ್ಟು ಕೊಂಡು ಓದಬೇಕು. ಒಂದು ದುಡ್ಡಿನ ಆ ಪತ್ರಿಕೆಗೆ ಮಂಗಳೂರು ತೀರಿಸಬೇಕಾದ ಋಣವು ಇದೇ ಆಗಿದೆ.