ಜೋಜಿ ಲಾ ಗೆದ್ದ ಸೇನಾನಿ

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ರ ಮಾರ್ಚ್ ತಿಂಗಳಿನಲ್ಲಿ ಕೊಡಗಿನ ಮಡಿಕೇರಿಯಲ್ಲಿ ಜನಿಸಿದರು. ಕಾಫಿ ತೋಟಗಳುಳ್ಳ ಅನುಕೂಲಸ್ಥ ಮನೆತನ ಅವರದು. ಕೂನೂರು, ಬೆಂಗಳೂರುಗಳಲ್ಲಿ ಓದಿದ ಬಳಿಕ ಡೆಹರಾಡೂನಿನ ಸೈನಿಕ ವಿದ್ಯಾಲಯವನ್ನು ಸೇರಿ, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೆ ತೆರಳಿ, 1926ರಲ್ಲಿ ಸೇನಾಧಿಕಾರಿಯಾದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ಪ್ರದೇಶದಲ್ಲಿ ಹೋರಾಡಿ, ರಣರಂಗದಲ್ಲಿ ಕಾಲಾಳುಗಳ ಬ್ರಿಗೇಡನ್ನು ನಡೆಸಿದ ಏಕೈಕ ಭಾರತೀಯರೆಂಬ ಕೀರ್ತಿಗೆ ಪಾತ್ರರಾದರು.

ಆದರೆ ಅವರ ಹೆಸರು ಮನೆಮಾತಾದುದು ಕಾಶ್ಮೀರದಲ್ಲಿ. ಅಲ್ಲಿ ಅವರು ಮಾಡಿದ ಸಾಹಸ ಅರ್ಥವಾಗಬೇಕಾದರೆ ಯುದ್ಧದ ಗಾಡಿಗಳ ವಿಷಯ ಕೊಂಚ ತಿಳಿದಿರಬೇಕು. ತೋಪುಗಳನ್ನು ಚಕ್ರಗಳ ಮೇಲೇರಿಸಿ ರಣರಂಗಕ್ಕೆ ಎಳೆದೊಯ್ಯುವುದು ನಮ್ಮ ನಾಡಿಗೆ ಹೊಸದಲ್ಲ. ಮುದ್ದೇಬಿಹಾಳ ಸೀಮೆಯ ರಕ್ಕಸಗಿ, ತಂಗಡಗಿ ಗ್ರಾಮಗಳ ಹೆಸರು ಹೊತ್ತ 1565ರ ಯುದ್ಧದಲ್ಲಿ ಸುಲ್ತಾನರ ಗೆಲುವಿಗೆ ತೋಪುಗಳ ಬಲವೂ ಕಾರಣವಾಯಿತು. ಆದರೆ ತೋಪಿನ ಪಕ್ಕದಲ್ಲಿ ನಿಂತವನಿಗೆ ಮರೆಯಿರಲಿಲ್ಲ. ಮೋಟಾರು ಬಂದ ಮೇಲೆ, 1914ರ ಮಹಾಯುದ್ಧದ ವೇಳೆಗೆ, ಗಾಡಿಗೇ ಉಕ್ಕಿನ ಹಾಳೆಗಳನ್ನು ಹೊದಿಸಿ, ತಿರುಗುವ ಗೋಪುರದಲ್ಲಿ ಮೆಷಿನ್‌ಗನ್ನನ್ನು ಇರಿಸಿ ಓಡಿಸತೊಡಗಿದರು. ಕವಚದ ಕಾರು ಎಂದರೆ ಇದೇ. ಎರಡನೆಯ ಮಹಾಯುದ್ಧದ ಕಾಲದ ಡೈಮ್ಲರ್ ಗಾಡಿಯಲ್ಲಿ ಎಂಜಿನ್ನಿನ ಬಲ ನಾಲ್ಕೂ ಚಕ್ರಗಳಿಗೆ ಹರಿಯುತ್ತಿತ್ತು; ಅದರೊಳಗೆ ಮೂವರು ಸೈನಿಕರು, 40 ಮಿಲಿಮೀಟರಿನ ತೋಪು. ಅಪಾಯ ಎದುರಾದರೆ ಗಾಡಿಯನ್ನು ತಿರುಗಿಸದೆ ಹಿಂದಕ್ಕೇ ವೇಗವಾಗಿ ಓಡಿಸಲು ಎರಡನೆಯ ಸ್ಟೀರಿಂಗ್ ಚಕ್ರವೂ ಇತ್ತು! 1947ರ ನವೆಂಬರ್ 7ರಂದು ಶ್ರೀನಗರದ ಬಳಿಯ ಶಾಲತೆಂಗ್‌ನಲ್ಲಿ 7ನೆಯ ಲಘು ಅಶ್ವದಳದ ಕವಚದ ಕಾರುಗಳು ದಾಳಿಕಾರರ ಬೆನ್ನ ಹಿಂದಿನಿಂದ ಎರಗಿ ಅವರನ್ನು ಚದುರಿಸಿದವು.

ಚಕ್ರಕ್ಕೆ ರಸ್ತೆ ಬೇಕು. ಇಂಡಿ, ಸಿಂದಗಿ, ಬಸವನ ಬಾಗೇವಾಡಿಗಳ ಎರೆಹೊಲದಲ್ಲಿ ಮಳೆಗಾಲದ ದಿನ ಹೇರು ತುಂಬಿದ ಬಂಡಿ ಗುಂಬದವರೆಗೆ ಹೂತುಹೋಗುವುದನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಚಕ್ರವು ನೆಲವನ್ನು ಮುಟ್ಟುವ ಅಂಗೈಯಗಲದ ಜಾಗದಲ್ಲಿಯೇ ಭಾರವೆಲ್ಲ ಕುಸಿಯುತ್ತದೆ. ಟ್ಯಾಂಕಿನ ಉಕ್ಕಿನ ಪಟ್ಟಿಯಾದರೋ ಅದೇ ಭಾರವನ್ನು ಉದ್ದಕ್ಕೂ ಹರಡಿ, ಕೆಸರಿನಲ್ಲಿಯೂ ಹಿಮದಲ್ಲಿಯೂ ಗಾಡಿಯನ್ನು ಮುನ್ನಡೆಸುತ್ತದೆ.

1948ರ ಮೇ ತಿಂಗಳಿನಲ್ಲಿ ತಿಮ್ಮಯ್ಯನವರು ಕಾಶ್ಮೀರ ಕಣಿವೆಯ ಸೇನಾ ವಿಭಾಗದ ನಾಯಕತ್ವವನ್ನು ವಹಿಸಿಕೊಂಡರು. ಲಡಾಖಿನ ಲೇಹ್ ನಗರಕ್ಕೆ ಶತ್ರುವಿನ ಬೆದರಿಕೆಯಿತ್ತು. ವಿಮಾನ ಚಾಲಕ ಮೆಹರ್ ಸಿಂಗರೊಡನೆ ತಾವೇ ಡಕೋಟಾ ವಿಮಾನವನ್ನೇರಿ, ಹಿಮಶಿಖರಗಳನ್ನು ದಾಟಿ, ಲೇಹ್‌ನ ಒರಟು ಓಡುಪಟ್ಟಿಯಲ್ಲಿ ಇಳಿದರು. ಆದರೆ ವಿಮಾನಗಳಿಂದಲೇ ಒಂದು ನಾಡನ್ನು ಎಷ್ಟು ದಿನ ಉಳಿಸಬಹುದು? ನೆಲದ ದಾರಿ ಜೋಜಿ ಲಾ ಘಟ್ಟದ ಮೂಲಕ ಹಾಯ್ದಿತ್ತು. 11,500 ಅಡಿಗೂ ಎತ್ತರದ ಆ ಘಟ್ಟ ಶತ್ರುವಿನ ವಶದಲ್ಲಿತ್ತು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ನಡೆಸಿದ ದಾಳಿ ವಿಫಲವಾಯಿತು. ಚಳಿಗಾಲದ ಹಿಮ ದಾರಿ ಮುಚ್ಚಿದರೆ ವಸಂತದವರೆಗೆ ಲಡಾಖಿನ ಆಸೆಯನ್ನೇ ಬಿಡಬೇಕಾಗಿತ್ತು.

ಆಗ ಟ್ಯಾಂಕುಗಳನ್ನು ಘಟ್ಟಕ್ಕೆ ಹತ್ತಿಸುವ ನಿರ್ಧಾರವಾಯಿತು. ಹೇಸರಗತ್ತೆಗಳು ನಡೆಯುವ ಕಾಲುದಾರಿಯಲ್ಲಿ ಸುಮಾರು 15 ಟನ್ ತೂಕದ ಸ್ಟುಅರ್ಟ್ ಟ್ಯಾಂಕು! ಅಷ್ಟು ಎತ್ತರದಲ್ಲಿ ಜಗತ್ತಿನ ಯಾವ ಸೇನೆಯೂ ಅದುವರೆಗೆ ಟ್ಯಾಂಕುಗಳಿಂದ ಕಾದಿರಲಿಲ್ಲ. ಮದರಾಸು ಸ್ಯಾಪರ್‌ಗಳು ಕೊರೆಯುವ ಚಳಿಯಲ್ಲಿ ಬಂಡೆಗಳನ್ನು ಸಿಡಿಸಿ, ಬಾಲತಾಲ್‌ನಿಂದ ದಾರಿಯನ್ನು ಅಗಲಿಸಿದರು. ಈ ಗೆಲುವಿನಲ್ಲಿ ಅವರ ಪಾಲು ಯಾರಿಗೂ ಕಡಿಮೆಯದಲ್ಲ. ಅದೇ 7ನೆಯ ಲಘು ಅಶ್ವದಳದ ಟ್ಯಾಂಕುಗಳು ಜಮ್ಮು ಕಡೆಯಿಂದ ಗುಟ್ಟಾಗಿ ಹೊರಟವು. ದಾರಿಯ ಸೇತುವೆಗಳು ದುರ್ಬಲವಾಗಿದ್ದುದರಿಂದ ಗೋಪುರಗಳನ್ನು ಕಳಚಿ ಬೇರೆಯಾಗಿ ಸಾಗಿಸಬೇಕಾಯಿತು. ಶ್ರೀನಗರವನ್ನು ಅವು ಹಾಯುವಾಗ ಊರಿನಲ್ಲಿ ಕರ್ಫ್ಯೂ ವಿಧಿಸಲಾಗಿತ್ತು.

ಹಿಮಪಾತದಿಂದ ದಾಳಿಯ ದಿನ ಮುಂದಕ್ಕೆ ಹೋಯಿತು. ನವೆಂಬರ್ 1ರ ಮಧ್ಯಾಹ್ನ, ಮೋಡ ಕವಿದ ಘಟ್ಟದೊಳಗಿಂದ ಎಂಜಿನ್ನಿನ ಗರ್ಜನೆ ಕೇಳಿಬಂತು. ಡಿವಿಷನ್ನಿನ ನಾಯಕರು ಹಿಂದೆ ಉಳಿಯುವುದು ವಾಡಿಕೆ; ತಿಮ್ಮಯ್ಯನವರು ಮುಂಚೂಣಿಯ ಟ್ಯಾಂಕಿನಲ್ಲಿದ್ದರು. ಬಂಡೆಗಳ ಮರೆಯ ಬಂಕರುಗಳ ಮೇಲೆ ತೋಪುಗಳು ನೇರವಾಗಿ ಗುಂಡು ಹಾರಿಸಿದವು. ಅಲ್ಲಿ ಟ್ಯಾಂಕನ್ನು ಕನಸಿನಲ್ಲಿಯೂ ನಿರೀಕ್ಷಿಸದ ಶತ್ರುಗಳು ಠಾಣೆಗಳನ್ನು ತೊರೆದು ಓಡಿದರು. ಅದೇ ದಿನ ಜೋಜಿ ಲಾ ಕೈವಶವಾಯಿತು. ತಿಂಗಳು ಮುಗಿಯುವ ಮೊದಲೇ ದ್ರಾಸ್, ಕಾರ್ಗಿಲ್‌ಗಳೂ ದೊರೆತು ಲೇಹ್‌ನ ದಾರಿ ತೆರೆಯಿತು.

ಮುಂದೆ ಅವರು ಕೊರಿಯಾದಲ್ಲಿ ಯುದ್ಧಕೈದಿಗಳ ವಿಷಯವನ್ನು ನಿರ್ವಹಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾದರು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ರಕ್ಷಣಾ ಸಚಿವರೊಡನೆ ಭಿನ್ನಾಭಿಪ್ರಾಯ ತಲೆದೋರಿ 1959ರಲ್ಲಿ ರಾಜೀನಾಮೆಯಿತ್ತು, ಪ್ರಧಾನಿಯವರ ಒತ್ತಾಯಕ್ಕೆ ಅದನ್ನು ಹಿಂತೆಗೆದುಕೊಂಡರು. ನಿವೃತ್ತಿಯ ಬಳಿಕ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿದ್ದಾಗ, 1965ರ ಡಿಸೆಂಬರ್ 18ರಂದು ಅಲ್ಲಿಯೇ ನಿಧನರಾದರು. ಮಡಿಕೇರಿಯಲ್ಲಿ ಅವರು ಬಾಲ್ಯವನ್ನು ಕಳೆದ ಸನ್ನಿಸೈಡ್ ಎಂಬ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅದರ ಅಂಗಳದಲ್ಲಿ ಒಂದು ಟ್ಯಾಂಕನ್ನು ನಿಲ್ಲಿಸಿದ್ದಾರೆ.