ಕಂಪನಿಯೇ ಸಂಸಾರವಾದಾಗ: ನಾಟಕರತ್ನ ಗುಬ್ಬಿ ವೀರಣ್ಣನವರು

ತುಮಕೂರು ಜಿಲ್ಲೆಯ ಗುಬ್ಬಿಯು ಶ್ರೀ ಚನ್ನಬಸವೇಶ್ವರಸ್ವಾಮಿಯವರ ಸನ್ನಿಧಿಯಿಂದ ಹೆಸರಾದ ಊರು. 1884ರಲ್ಲಿ ಆ ಊರಿನ ಕೆಲವು ಕಲಾಭಿಮಾನಿಗಳು ಜಾತಿಮತಗಳ ಎಣಿಕೆಯಿಲ್ಲದೆ ಒಟ್ಟುಗೂಡಿ ಒಂದು ನಾಟಕದ ಮೇಳವನ್ನು ಕಟ್ಟಿದರು. ಗ್ರಾಮದೈವದ ಹೆಸರಿನಲ್ಲಿಯೇ ಅದಕ್ಕೆ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವೆಂದು ನಾಮಕರಣ ಮಾಡಿದರು. ಮುಂದೆ ನಾಡಿನ ಜನ ಇಷ್ಟು ಉದ್ದದ ಹೆಸರನ್ನು ಬಿಟ್ಟು ಗುಬ್ಬಿ ಕಂಪನಿ ಎಂದೇ ಕರೆದರು. ಸಂಘವು ಹುಟ್ಟಿ ಏಳು ವರ್ಷಗಳ ತರುವಾಯ, 1891ರಲ್ಲಿ, ವೀರಶೈವ ಮನೆತನದಲ್ಲಿ ಜನಿಸಿದ ವೀರಣ್ಣನವರು ಇನ್ನೂ ಆರೇಳು ವರ್ಷದ ಬಾಲಕನಾಗಿದ್ದಾಗಲೇ ಅದರ ರಂಗವನ್ನೇರಿದರು. ಅಲ್ಲಿಂದ ಮುಂದಿನ ಎಪ್ಪತ್ತೈದು ವರ್ಷಗಳ ಅವರ ಬಾಳಿನಲ್ಲಿ ಮನೆ ಯಾವುದು, ಕಂಪನಿ ಯಾವುದು ಎಂದು ಬೇರ್ಪಡಿಸಿ ಹೇಳುವುದು ಕಷ್ಟ.

ಆ ಕಾಲದಲ್ಲಿ ಮಗುವನ್ನು ನಾಟಕದ ಕಂಪನಿಗೆ ಒಪ್ಪಿಸುವುದೆಂದರೆ ಹೆತ್ತವರಿಗೆ ಸಣ್ಣ ಮಾತಾಗಿರಲಿಲ್ಲ. ರಾತ್ರಿಯೆಲ್ಲ ನಿದ್ರೆಗೆಡುವ ಕಸುಬು, ತಿಂಗಳಿಗೊಂದು ಊರಿನ ಮೊಕ್ಕಾಂ, ಅರ್ಧಕ್ಕೇ ನಿಂತುಹೋಗುವ ಶಾಲೆಯ ವಿದ್ಯೆ, ಇವೆಲ್ಲಕ್ಕಿಂತ ಮಿಗಿಲಾಗಿ ನಾಟಕದವರಿಗೆ ಹೆಣ್ಣು ಕೊಡಬಾರದೆಂಬ ನೆಂಟರಿಷ್ಟರ ಕೊಂಕುಮಾತು. ಹೀಗಿದ್ದೂ ಕಂಪನಿಯು ಸಮೀಪದ ಊರಿನಲ್ಲಿ ಬೀಡುಬಿಟ್ಟಿದೆಯೆಂದು ಕೇಳಿದೊಡನೆ ಕಂಠವುಳ್ಳ ಮಗನ ಕೈಹಿಡಿದು ಬರುತ್ತಿದ್ದ ತಂದೆಯರಿದ್ದರು. ಬಡತನವೇ ಕೆಲವರನ್ನು ತಂದಿತು, ಸಂಗೀತದ ಮೋಹ ಕೆಲವರನ್ನು. ಮನೆಯವರಿಗೆ ತಿಳಿಸದೆ ಓಡಿಬಂದ ಹುಡುಗರ ಲೆಕ್ಕ ಬೇರೆ.

ಅಲ್ಲಿ ನಡೆಯುತ್ತಿದ್ದ ಪರೀಕ್ಷೆಗೆ ಪ್ರಶ್ನಪತ್ರಿಕೆಯಿರಲಿಲ್ಲ. ಹಾರ್ಮೋನಿಯಂ ಮಾಸ್ತರರು ಶ್ರುತಿ ಹಿಡಿದು ಕುಳಿತರೆ ಹುಡುಗನು ತನಗೆ ಬಂದ ದೇವರನಾಮವನ್ನೋ ರಂಗಗೀತೆಯನ್ನೋ ಹಾಡಬೇಕು. ಧ್ವನಿವರ್ಧಕವಿಲ್ಲದ ಕಾಲವಾದುದರಿಂದ ಕಂಠವು ಇಂಪಾಗಿದ್ದರಷ್ಟೇ ಸಾಲದು. ಕೊಟ್ಟಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಅಕ್ಷರ ಅಕ್ಷರವಾಗಿ ಕೇಳಿಸಬೇಕು. ಪ್ರೇಕ್ಷಕರು ಮೆಚ್ಚಿ ಒನ್ಸ್ ಮೋರ್ ಎಂದು ಕೂಗಿದರೆ ಅದೇ ಪದವನ್ನು ಅದೇ ಶ್ರುತಿಯಲ್ಲಿ ಮತ್ತೆ ಹಾಡುವ ಶಕ್ತಿಯೂ ಬೇಕು. ಆ ಬಳಿಕ ಜ್ಞಾಪಕಶಕ್ತಿಯ ಪರೀಕ್ಷೆ, ಮುಖಲಕ್ಷಣದ ಪರೀಕ್ಷೆ. ಇಷ್ಟೆಲ್ಲ ದಾಟಿದ ಬಾಲಕನಿಗೂ ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಧ್ವನಿ ಒಡೆದು, ಸ್ತ್ರೀಪಾತ್ರವೂ ಬಾಲಪಾತ್ರವೂ ಕೈತಪ್ಪುವ ದಿನ ಬಂದೇ ಬರುತ್ತಿತ್ತು. ಕಂಪನಿಗೆ ಮಗನನ್ನು ಸೇರಿಸಿದ ಮನೆಯು ನಿಜವಾಗಿ ಎದುರಿಸಬೇಕಾಗಿದ್ದುದು ಈ ಎರಡನೆಯ ಪರೀಕ್ಷೆಯನ್ನು.

ವೀರಣ್ಣನವರು ಇದನ್ನು ಹೊರಗಿನಿಂದ ನೋಡಿ ಅರಿತವರಲ್ಲ. ಬಾಲನಟರಾಗಿ ಸೇರಿ, ಕಂಪನಿಯ ಏಳುಬೀಳುಗಳನ್ನೆಲ್ಲ ಅನುಭವಿಸಿ, 1917ರ ಸುಮಾರಿಗೆ ಅದರ ಒಡೆತನದ ಹೊಣೆಯನ್ನು ಹೊತ್ತವರು. ಅವರಿಗೆ ಕೀರ್ತಿ ತಂದದ್ದು ರಾಜನ ಪಾರ್ಟಲ್ಲ, ‘ಸದಾರಮೆ’ಯ ಕಳ್ಳನ ಪಾರ್ಟು. ಹಾಡುಗಾರಿಕೆಯೇ ನಟನ ಯೋಗ್ಯತೆಯ ಅಳತೆಗೋಲಾಗಿದ್ದ ಯುಗದಲ್ಲಿ ಹಾಸ್ಯಪಾತ್ರದಿಂದ ಜನಮನವನ್ನು ಗೆದ್ದವರು ಕಂಪನಿಯ ಯಜಮಾನರಾದದ್ದು ಅನೇಕ ಹುಡುಗರ ಭಾಗ್ಯವೆನ್ನಬೇಕು. ಕಂಠವೊಂದೇ ನಟನನ್ನು ಮಾಡುವುದಿಲ್ಲವೆಂಬುದಕ್ಕೆ ಅವರೇ ಸಾಕ್ಷಿಯಾಗಿದ್ದರು.

ಕಂಪನಿಯೊಳಗೆ ನೂರಾರು ಜನ. ನಟರು, ವಾದ್ಯದವರು, ಪರದೆ ಬರೆಯುವವರು, ಬಡಗಿಗಳು, ದೀಪದವರು, ಅಡಿಗೆಯವರು. ಪಂಕ್ತಿಯಲ್ಲಿ ಕುಳಿತು ಊಟ, ಹಗಲು ತಾಲೀಮು, ರಾತ್ರಿ ಪ್ರದರ್ಶನ. ಬೆಳ್ಳಾವೆ ನರಹರಿ ಶಾಸ್ತ್ರಿಗಳಂತಹ ನಾಟಕಕಾರರು ಕಂಪನಿಗಾಗಿಯೇ ಬರೆದರು. ಬಸವಯುಗವನ್ನು ಕಾದಂಬರಿಗಳಲ್ಲಿ ಚಿತ್ರಿಸಿ, ‘ಕ್ರಾಂತಿ ಕಲ್ಯಾಣ’ಕ್ಕಾಗಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಬಿ. ಪುಟ್ಟಸ್ವಾಮಯ್ಯನವರು ರಚಿಸಿದ ‘ಕುರುಕ್ಷೇತ್ರ’ವನ್ನು ವೀರಣ್ಣನವರು 1934ರಲ್ಲಿ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದು ಆಡಿಸಿದ್ದು ದಂತಕಥೆಯಾಗಿದೆ. ಉಮ್ಮತ್ತೂರಿನ ಸುತ್ತಿನ ಹಳ್ಳಿಗಳಲ್ಲಿ ಹಬ್ಬ ಜಾತ್ರೆಗಳ ರಾತ್ರಿ ಬಾಡಿಗೆಯ ಸೀನರಿ ಕಟ್ಟಿ ಕುರುಕ್ಷೇತ್ರದ ಕಥೆಯನ್ನಾಡುವ ರೈತಾಪಿ ಜನರು, ಹಾರ್ಮೋನಿಯಂ ಮೇಷ್ಟರ ಮುಂದೆ ದನಿಯೆತ್ತಿ ಹಾಡಿ ಭೀಮನೋ ಕರ್ಣನೋ ಆಗಿ ಆಯ್ಕೆಯಾಗುವ ಪದ್ಧತಿಯೂ ವೃತ್ತಿ ಕಂಪನಿಗಳ ಬಳುವಳಿಯೇ.

ಈ ಸೀಮೆಯ ಋಣ ಆ ಕಂಪನಿಗೂ, ಆ ಕಂಪನಿಯ ಋಣ ಈ ಸೀಮೆಗೂ ಉಂಟು. ನೆರೆಯ ನಂಜನಗೂಡಿನಲ್ಲಿ 1917ರಲ್ಲಿ ಹುಟ್ಟಿದ ಜಿ. ವಿ. ಅಯ್ಯರ್ ಅವರು ಎಂಟರ ಹರೆಯದಲ್ಲೇ ವೀರಣ್ಣನವರ ಆಶ್ರಯಕ್ಕೆ ಬಂದರು. ಸಂಪ್ರದಾಯಸ್ಥ ಬ್ರಾಹ್ಮಣ ಮನೆಯ ಹುಡುಗ ಎಂಟನೆಯ ವಯಸ್ಸಿಗೆ ನಾಟಕದವರ ಪಂಕ್ತಿಯಲ್ಲಿ ಕುಳಿತರೆ ಆ ಮನೆಯಲ್ಲಿ ಎಂತಹ ಕೋಲಾಹಲವೆದ್ದಿರಬಹುದೆಂಬುದನ್ನು ಓದುಗರೇ ಊಹಿಸಬಲ್ಲರು. ಆ ಹುಡುಗನೇ 1983ರಲ್ಲಿ ಸಂಸ್ಕೃತ ಭಾಷೆಯ ಮೊದಲ ಚಲನಚಿತ್ರ ‘ಆದಿ ಶಂಕರಾಚಾರ್ಯ’ವನ್ನು ನಿರ್ದೇಶಿಸಿದ್ದು.

ಇದೇ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಸಂಸಾರದ ಕಥೆ ಇನ್ನೂ ಹೃದಯಸ್ಪರ್ಶಿಯಾದುದು. (ಮೇಲೆ ಹೇಳಿದ ಕಾದಂಬರಿಕಾರರು ಬೇರೆ, ಇವರು ಬೇರೆ.) ಕಂಸ, ರಾವಣ, ಹಿರಣ್ಯಕಶಿಪುಗಳ ಪಾತ್ರದಲ್ಲಿ ಸಭೆಯನ್ನು ನಡುಗಿಸುತ್ತಿದ್ದ ಈ ನಟರು ಗುಬ್ಬಿ ಕಂಪನಿಯನ್ನು ಸೇರಿದಾಗ ಹೆಂಡತಿ ಲಕ್ಷ್ಮಮ್ಮನವರೂ ಮಕ್ಕಳೂ ಆ ಅಲೆದಾಟಕ್ಕೆ ಒಳಗಾಗಲೇಬೇಕಾಯಿತು. 1929ರಲ್ಲಿ ಹುಟ್ಟಿದ ಹಿರಿಯ ಮಗ ಮುತ್ತುರಾಜನ ಶಾಲೆ ಎಂಟು ವರ್ಷದ ಸುಮಾರಿಗೇ ಮುಗಿಯಿತು. ತಮ್ಮ ವರದರಾಜನೂ ಅದೇ ದಾರಿ ಹಿಡಿದನು. ಪ್ರಸಿದ್ಧ ನಟನ ಮಗನೆಂಬ ಕಾರಣಕ್ಕೆ ದೊಡ್ಡ ಪಾರ್ಟು ತಾನಾಗಿ ಒಲಿದು ಬರಲಿಲ್ಲ. ಸಣ್ಣಪುಟ್ಟ ವೇಷಗಳಲ್ಲಿಯೇ ವರುಷಗಳು ಕಳೆದವು. ತಂದೆಯೇ ಗುರು, ತಂದೆಯೇ ಪರೀಕ್ಷಕ. ಮಗನು ತಪ್ಪಿದರೆ ತಂದೆಗೆ ರಂಗದ ಮೇಲೆಯೂ ಅವಮಾನ, ಬಿಡಾರದಲ್ಲಿಯೂ ಅವಮಾನ. 1951ರಲ್ಲಿ ಪುಟ್ಟಸ್ವಾಮಯ್ಯನವರು ತೀರಿಕೊಂಡ ಮೇಲೆ ಮನೆಯ ಭಾರ ಮಕ್ಕಳ ಹೆಗಲಿಗೆ ಬಿದ್ದಿತು.

1954ರಲ್ಲಿ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಸಂಸ್ಥೆಯ ‘ಬೇಡರ ಕಣ್ಣಪ್ಪ’ ಚಿತ್ರವು ಎಚ್. ಎಲ್. ಎನ್. ಸಿಂಹರ ನಿರ್ದೇಶನದಲ್ಲಿ ತೆರೆಗೆ ಬಂದಾಗ, ಶಿವನಿಗೆ ಕಣ್ಣನ್ನೇ ಕಿತ್ತುಕೊಟ್ಟ ಪುರಾತನ ಶರಣನ ಪಾತ್ರದಲ್ಲಿ ಕಾಣಿಸಿಕೊಂಡವರು ಅದೇ ಮುತ್ತುರಾಜ್. ನಾಡು ಅವರನ್ನು ಅಂದಿನಿಂದ ರಾಜಕುಮಾರ್ ಎಂದು ಕರೆಯಿತು. ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಕಂಪನಿಯಲ್ಲಿ ಪಳಗಿದ ಆ ಕಂಠವನ್ನು ಚಿತ್ರರಂಗ ಬಹುಕಾಲ ಬಳಸಿಕೊಳ್ಳಲಿಲ್ಲ. 1956ರ ‘ಓಹಿಲೇಶ್ವರ’ದಲ್ಲಿ ಹಾಡಿದ್ದನ್ನು ಬಿಟ್ಟರೆ, 1974ರ ‘ಸಂಪತ್ತಿಗೆ ಸವಾಲ್’ ಚಿತ್ರದವರೆಗೆ ಅವರಿಗಾಗಿ ಹೆಚ್ಚಾಗಿ ಬೇರೆಯವರೇ ಹಾಡಿದರು. 1992ರ ‘ಜೀವನಚೈತ್ರ’ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ಕಂಪನಿಯ ತಾಲೀಮಿನ ವರ್ಷಗಳು ಮುಗಿದು ನಾಲ್ಕು ದಶಕಗಳಾಗಿದ್ದವು.

ವೀರಣ್ಣನವರು ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ಕರೆತಂದ ಧೈರ್ಯಶಾಲಿಗಳಲ್ಲಿ ಪ್ರಮುಖರು. ಸುಂದರಮ್ಮನವರು, ಬಿ. ಜಯಮ್ಮನವರು ರಂಗದಲ್ಲಿ ಅವರ ಸಹನಟಿಯರಾಗಿದ್ದು ಬಾಳಿನಲ್ಲಿಯೂ ಸಂಗಾತಿಗಳಾದರು. ಒಂದಕ್ಕಿಂತ ಹೆಚ್ಚು ಸಂಸಾರಗಳನ್ನು ನಡೆಸಿದ ಅವರ ಬದುಕನ್ನು ಇಂದಿನ ದೃಷ್ಟಿಯಿಂದ ಅಳೆಯುವವರು ಆಕ್ಷೇಪಿಸಬಹುದು. ಆಕ್ಷೇಪಕ್ಕೆ ಎಡೆಯೂ ಇದೆ. ಆದರೆ ಹಾಡುವ ಹೆಣ್ಣುಮಗಳಿಗೆ ಮರ್ಯಾದೆಯ ಮನೆಯೇ ಇಲ್ಲವೆಂದು ಸಮಾಜವು ನಿರ್ಣಯಿಸಿದ್ದ ದಿನಗಳಲ್ಲಿ ಅವರ ಕಂಪನಿಯು ಅಂತಹವರಿಗೆ ಸಂಬಳವನ್ನೂ ನೆಲೆಯನ್ನೂ ಒದಗಿಸಿತೆಂಬುದು ಸುಳ್ಳಲ್ಲ. ಅವರ ಹೆಣ್ಣುಮಕ್ಕಳೂ ರಂಗವನ್ನೇರಿದರು. ಅನ್ಯರ ಮಕ್ಕಳಿಗೆ ವಿಧಿಸಿದ್ದನ್ನು ತಮ್ಮ ಮಕ್ಕಳಿಗೆ ತಪ್ಪಿಸಿದ ಯಜಮಾನರಲ್ಲ ಅವರು.

ವಿದ್ಯಾಸಂಸ್ಥೆಯ ಬಂಧುಗಳು ವಿಶೇಷವಾಗಿ ಗಮನಿಸಬೇಕಾದ ಪ್ರಸಂಗವೆಂದರೆ ಬಿ. ವಿ. ಕಾರಂತರದು. ದಕ್ಷಿಣ ಕನ್ನಡದ ಮಂಚಿಯಲ್ಲಿ 1929ರಲ್ಲಿ ಹುಟ್ಟಿ, ಮನೆಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ ಹುಡುಗ ಅವರು. ಹಾಡಬಲ್ಲ, ನಟಿಸಬಲ್ಲ ಹುಡುಗನನ್ನು ಕಂಪನಿಯಲ್ಲಿಯೇ ಇಟ್ಟುಕೊಳ್ಳುವುದು ಯಾವ ಯಜಮಾನನಿಗೂ ಲಾಭ. ವೀರಣ್ಣನವರು ಹಾಗೆ ಮಾಡದೆ ಅವರನ್ನು ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿಕೊಟ್ಟರು. ಅಲ್ಲಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಕಾರಂತರು ಹಿಂದಿಯಲ್ಲಿ ಎಂ.ಎ. ಪಡೆದರು, ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಕಲಿತರು. 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತೇರ್ಗಡೆಯಾಗಿ, 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದವರೂ ಅವರೇ. ತನಗೆ ದೊರೆಯದ ಕಾಲೇಜಿನ ವಿದ್ಯೆಯನ್ನು ಮತ್ತೊಬ್ಬರ ಮಗನಿಗೆ ದೊರಕಿಸಿದ ಈ ಕಾರ್ಯ, ಆನೆ ಕುದುರೆಗಳ ವೈಭವಕ್ಕಿಂತ ಹಿರಿದೆಂದು ಎಣಿಸುವವರಿದ್ದಾರೆ.

ಮೂಕಚಿತ್ರಗಳ ತಯಾರಿಕೆ, 1935ರ ವಾಕ್ಚಿತ್ರ ‘ಸದಾರಮೆ’, ಚಿತ್ರಮಂದಿರಗಳು, ಸಾಲಸೋಲಗಳು, ಮರಳಿ ಗಳಿಕೆ ಇವುಗಳ ವಿವರ ದೀರ್ಘವಾದುದು. ಆತ್ಮಕಥೆಗೆ ಅವರಿಟ್ಟ ಹೆಸರು ‘ಕಲೆಯೇ ಕಾಯಕ’. 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪುರಸ್ಕಾರವೂ 1972ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ ಅವರನ್ನರಸಿ ಬಂದವು. ಅದೇ 1972ರ ಅಕ್ಟೋಬರ್ 18ರಂದು ಅವರು ಲಿಂಗೈಕ್ಯರಾದರು. ಆ ಹೊತ್ತಿನಲ್ಲಿ ಅವರ ಮೊಮ್ಮಗಳು ಬಿ. ಜಯಶ್ರೀ ಅವರು ದೆಹಲಿಯ ನಾಟಕ ಶಾಲೆಯ ವಿದ್ಯಾರ್ಥಿನಿಯಾಗಿದ್ದರು. ಮರುವರ್ಷ ಅಲ್ಲಿಂದ ಪದವಿ ಪಡೆದು ಹಿಂದಿರುಗಿ, ಅಜ್ಜನ ಕಂಪನಿಯ ರಂಗಗೀತೆಗಳನ್ನು ಹೊಸ ತಲೆಮಾರಿಗೆ ಹಾಡತೊಡಗಿದರು.