ತಂದೆಯೇ ಗುರು, ಪತ್ರಿಕೆಯೇ ಪಾಠಶಾಲೆ: ನಂಜನಗೂಡು ತಿರುಮಲಾಂಬ

ನಂಜನಗೂಡು: ಹಿರಿಯ ಕವಿಯೊಬ್ಬರ ಬಳಿ ಕುಳಿತು, ಬರೆದುದನ್ನು ಓದಿ ತೋರಿಸಿ, ತಿದ್ದಿಸಿಕೊಂಡು ಲೇಖಕರಾಗುವ ಸಂಪ್ರದಾಯ ಹಳೆಯ ಮೈಸೂರು ಸೀಮೆಗೆ ಹೊಸದಲ್ಲ. ಆದರೆ ಆ ಭಾಗ್ಯ ಎಲ್ಲರಿಗೂ ಸಮನಾಗಿ ಒದಗಿ ಬಂದುದಲ್ಲ. ಹೊಸಗನ್ನಡದ ಮೊದಲ ಕಾದಂಬರಿಕಾರ್ತಿ ಎಂದು ಇಂದು ನಾವು ಗೌರವದಿಂದ ನೆನೆಯುವ ನಂಜನಗೂಡು ತಿರುಮಲಾಂಬ ಅವರ ಬದುಕು ಇದಕ್ಕೆ ಒಂದು ನಿದರ್ಶನ.

ಕಪಿಲೆಯ ನೀರು ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯನ್ನು ಹಾದು ತಿ. ನರಸೀಪುರದ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಸಂಗಮಕ್ಕೆ ಸಮೀಪದಲ್ಲೇ ಸೋಸಲೆ ಗ್ರಾಮವಿದೆ. ಅಲ್ಲಿಯ ಗರಳಪುರಿ ಶಾಸ್ತ್ರಿಗಳು ಮೈಸೂರು ಅರಮನೆಯ ವಿದ್ವಾಂಸರು. ಗರಳಪುರಿ ಎಂಬುದು ನಂಜನಗೂಡಿಗೇ ಇರುವ ಸಂಸ್ಕೃತದ ಹೆಸರು. ಮುಂದೆ ಅಭಿನವ ಕಾಳಿದಾಸ ಎಂದು ಪ್ರಸಿದ್ಧರಾದ ಬಸವಪ್ಪ ಶಾಸ್ತ್ರಿಗಳು ಸಂಸ್ಕೃತ ಕಲಿತದ್ದು ಇವರ ಬಳಿಯಲ್ಲಿ. ಇವರ ಪುತ್ರ ಅಯ್ಯಾ ಶಾಸ್ತ್ರಿಗಳು ಅರಮನೆಯಿಂದ ಕವಿತಿಲಕ ಬಿರುದು ಪಡೆದರು. 1958ರ ಸ್ಕೂಲ್ ಮಾಸ್ಟರ್ ಚಿತ್ರದಲ್ಲಿ ಕೇಳಿಬರುವ ಪ್ರಾರ್ಥನೆ ಅವರ ರಚನೆಯೇ. ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ವಿದ್ಯೆ ಹರಿದುಬಂದ ಬಗೆ ಇದು. ಇನ್ನೂ ಹಿಂದೆ ಹೋದರೆ, ಅದೇ ಸೀಮೆಯ ಯಳಂದೂರಿನ ಸಂಚಿಯ ಹೊನ್ನಮ್ಮನಿಗೆ ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯನೇ ಗುರುವಾಗಿದ್ದ. ಅರಮನೆಯ ಊಳಿಗದ ಹೆಣ್ಣುಮಗಳೊಬ್ಬಳು ಹದಿಬದೆಯ ಧರ್ಮ ರಚಿಸಿದ್ದರ ಹಿಂದೆ ಆ ಗುರುವಿನ ಶಿಕ್ಷಣವೂ ರಾಣಿಯ ಒತ್ತಾಸೆಯೂ ಇದ್ದವು.

ಹೊನ್ನಮ್ಮನಿಗೆ ಸಿಕ್ಕಂತಹ ಆಸ್ಥಾನವಾಗಲೀ ಅಯ್ಯಾ ಶಾಸ್ತ್ರಿಗಳಿಗೆ ದೊರೆತ ಪಂಡಿತ ಪರಂಪರೆಯಾಗಲೀ ತಿರುಮಲಾಂಬ ಅವರ ಪಾಲಿಗೆ ಬರಲಿಲ್ಲ. 1887ರ ಮಾರ್ಚ್ 25ರಂದು ನಂಜನಗೂಡಿನ ಶ್ರೀವೈಷ್ಣವ ಮನೆತನದಲ್ಲಿ ಅವರು ಜನಿಸಿದರು. ತಂದೆ ವೆಂಕಟಕೃಷ್ಣ ಅಯ್ಯಂಗಾರ್ ವಕೀಲರು, ತಾಯಿ ಅಲಮೇಲಮ್ಮ. ಹತ್ತನೆಯ ವಯಸ್ಸಿಗೆ ಮದುವೆಯಾಯಿತು. ಹದಿನಾಲ್ಕನೆಯ ವಯಸ್ಸಿಗೆ ವೈಧವ್ಯ ಬಂದೆರಗಿತು. ಆ ಕಾಲದಲ್ಲಿ ಅಂತಹ ಬಾಲೆಗೆ ಉಳಿಯುತ್ತಿದ್ದುದು ಅಡುಗೆಮನೆ ಮತ್ತು ದೇವರಮನೆ, ಇವೆರಡೇ.

ಇಲ್ಲಿ ತಂದೆ ತಳೆದ ನಿಲುವು ಸಾಮಾನ್ಯವಾದುದಲ್ಲ. ತವರಿನಲ್ಲಿಯೇ ಉಳಿದ ಮಗಳ ಕೈಗೆ ಅವರು ಪುಸ್ತಕ ಕೊಟ್ಟರು. ಕನ್ನಡದ ಜೊತೆಗೆ ತೆಲುಗು, ತಮಿಳು ಭಾಷೆಗಳ ಓದೂ ಮನೆಯಲ್ಲಿಯೇ ಸಾಗಿತು. ಬರೆಯಲು ತೊಡಗಿದಾಗ ಬೆಂಬಲವಾಗಿ ನಿಂತವರೂ ತಂದೆಯೇ. ಅವರು ಸಾಹಿತಿಯಲ್ಲ, ವಕೀಲರು. ಛಂದಸ್ಸಿನ ಮರ್ಮವನ್ನೋ ಕಥೆ ಹೆಣೆಯುವ ತಂತ್ರವನ್ನೋ ಹೇಳಿಕೊಡಬಲ್ಲ ನುರಿತ ಲೇಖಕರ ಸ್ಥಾನವನ್ನು ಅವರು ತುಂಬಿದರು ಎನ್ನುವುದಕ್ಕಿಂತ, ಬರೆಯುವುದು ತಪ್ಪಲ್ಲ ಎಂಬ ಧೈರ್ಯ ತುಂಬಿದರು ಎನ್ನುವುದೇ ಸರಿ. ವಿಧವೆಯ ಕೈಯಲ್ಲಿ ಲೇಖನಿ ಕಂಡರೆ ಊರು ಆಡಿಕೊಳ್ಳುತ್ತಿದ್ದ ದಿನಗಳಲ್ಲಿ ಆ ಧೈರ್ಯವೇ ದೊಡ್ಡ ಪಾಠವಾಗಿತ್ತು.

ಇನ್ನುಳಿದ ಕಲಿಕೆಗೆ ಅಚ್ಚಾದ ಪುಸ್ತಕಗಳೇ ಆಧಾರ. ಮೈಸೂರು ಸೀಮೆಯ ಓದುಗರಿಗೆ ಕಾದಂಬರಿಯ ರುಚಿ ಹತ್ತಿಸಿದ್ದು ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ತಂದ ಬಂಕಿಮಚಂದ್ರರ ಕೃತಿಗಳು. ಸ್ವತಂತ್ರ ಸಾಮಾಜಿಕ ಕಾದಂಬರಿಯಾದರೋ ಇನ್ನೂ ಕಣ್ಣು ತೆರೆಯುತ್ತಿದ್ದ ಕೂಸು. ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ 1899ರಲ್ಲಿ ಮಂಗಳೂರಿನ ಕಡೆಯಿಂದ ಬಂದಿತ್ತು. ಎಂ.ಎಸ್. ಪುಟ್ಟಣ್ಣನವರ ಮಾಡಿದ್ದುಣ್ಣೋ ಮಹಾರಾಯ ಪ್ರಕಟವಾದುದು 1915ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ, 1913ರಲ್ಲಿ, ತಿರುಮಲಾಂಬ ಅವರ ಮೊದಲ ಕಾದಂಬರಿ ಸುಶೀಲೆ ಹೊರಬಂದಿತು ಎಂಬುದನ್ನು ಗಮನಿಸಬೇಕು. ನಮ್ಮ ಸಾಹಿತ್ಯ ಚರ್ಚೆಗಳಲ್ಲಿ ಈ ಕಾಲಾನುಕ್ರಮ ಎಷ್ಟೋ ಸಲ ಮರೆತೇ ಹೋಗುತ್ತದೆ.

ಪ್ರಕಾಶಕರನ್ನು ಹುಡುಕಿಕೊಂಡು ಅವರು ಅಲೆಯಲಿಲ್ಲ. ಅದೇ ವರ್ಷ ನಂಜನಗೂಡಿನಲ್ಲಿ ತಾವೇ ಸತೀಹಿತೈಷಿಣೀ ಗ್ರಂಥಮಾಲೆಯನ್ನು ಆರಂಭಿಸಿದರು. ಸತಿಯರ ಹಿತ ಬಯಸುವವಳು ಎಂಬ ಹೆಸರೇ ಅವರ ಉದ್ದೇಶವನ್ನು ಸಾರುತ್ತಿತ್ತು. ನಭಾ, ವಿರಾಗಿಣಿ, ದಕ್ಷಕನ್ಯೆ, ಮಾತೃನಂದಿನಿ ಮುಂತಾದ ಕೃತಿಗಳು ಒಂದರ ಹಿಂದೊಂದು ಬಂದವು. ಕಾದಂಬರಿಯ ಜೊತೆಗೆ ನಾಟಕ, ಪ್ರಬಂಧ, ಪದ್ಯ, ಕೊನೆಗೆ ಪತ್ತೇದಾರಿ ಕಥೆಯವರೆಗೂ ಅವರ ಲೇಖನಿ ಓಡಾಡಿತು. ಈ ಕೃತಿಗಳ ಪತಿವ್ರತಾ ಆದರ್ಶ ಇಂದಿನ ಓದುಗರಿಗೆ ಹಿಡಿಸಲಾರದು. ಆದರೆ ಹೆಣ್ಣು ಓದಬೇಕು, ತನ್ನ ಕಾಲ ಮೇಲೆ ನಿಲ್ಲಬೇಕು ಎಂಬ ಒತ್ತಾಯವನ್ನು ಅದೇ ಆದರ್ಶದ ಮರೆಯಲ್ಲಿ ಅವರು ಮನೆಮನೆಗೆ ತಲುಪಿಸಿದರು. ನೇರವಾಗಿ ಹೇಳಿದ್ದರೆ ಆ ಪುಸ್ತಕಗಳು ಹೊಸಿಲು ದಾಟುವುದೇ ಕಷ್ಟವಿತ್ತು.

ತಮಗೆ ಸಿಗದ ಮಾರ್ಗದರ್ಶನ ಇತರರಿಗೆ ಸಿಗಬೇಕೆಂಬ ಹಂಬಲವೋ ಏನೋ, ಕರ್ನಾಟಕ ನಂದಿನಿ ಮಾಸಪತ್ರಿಕೆಯನ್ನೂ ಅವರು ಹೊರತಂದರು. ಕನ್ನಡದಲ್ಲಿ ಮಹಿಳೆಯೊಬ್ಬರು ಸಂಪಾದಿಸಿ ನಡೆಸಿದ ಆರಂಭದ ಪತ್ರಿಕೆಗಳಲ್ಲಿ ಅದಕ್ಕೆ ಅಗ್ರಸ್ಥಾನ. ಸನ್ಮಾರ್ಗದರ್ಶಿ ಎಂಬ ಮತ್ತೊಂದು ಪತ್ರಿಕೆಯೂ ಅವರದೇ. ಮನೆ ಬಿಟ್ಟು ಹೊರಬರಲಾರದ ಹೆಣ್ಣುಮಗಳು ಗುರುವನ್ನು ಅರಸಿ ಹೋಗಲಾರಳು. ಆದರೆ ಬರೆದುದನ್ನು ಅಂಚೆಗೆ ಹಾಕಬಲ್ಲಳು. ಹೆಣ್ಣಿನ ಬರಹವನ್ನು ಹೆಣ್ಣೇ ಓದಿ, ಆಯ್ದು, ಅಚ್ಚಿಗೆ ಕೊಡುವ ಒಂದು ಜಾಗ ನಂಜನಗೂಡಿನಂತಹ ಪುಟ್ಟ ಪಟ್ಟಣದಲ್ಲಿ ಹೀಗೆ ತೆರೆಯಿತು. 1921ರಲ್ಲಿ ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರ ಸರಸ್ವತಿ ಪತ್ರಿಕೆ ಆರಂಭವಾಗುವ ವೇಳೆಗೆ ಈ ಹಾದಿಯಲ್ಲಿ ಮೊದಲ ಹೆಜ್ಜೆಗಳು ಮೂಡಿಯಾಗಿತ್ತು. ನಂದಿನಿ ಬಹುಕಾಲ ಬಾಳಲಿಲ್ಲ.

ಅಷ್ಟರಲ್ಲಿ ಕನ್ನಡದ ಗದ್ಯವೇ ಬದಲಾಗತೊಡಗಿತ್ತು. 1920ರಲ್ಲಿ ಮಾಸ್ತಿಯವರ ಕೆಲವು ಸಣ್ಣ ಕಥೆಗಳು, 1926ರಲ್ಲಿ ಬಿ.ಎಂ.ಶ್ರೀಯವರ ಇಂಗ್ಲಿಷ್ ಗೀತಗಳು ಬಂದವು. ಮೈಸೂರಿನ ಕಾಲೇಜುಗಳಲ್ಲಿ ತರುಣ ಕವಿಗಳಿಗೆ ಅಧ್ಯಾಪಕರೇ ಗುರುಗಳಾದರು. ಕುವೆಂಪು ಅವರಿಗಂತೂ ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಬರೆಯುವಂತೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಹಿತವಚನ ಹೇಳಿದ್ದರು. ಮೈಸೂರು ನಂಜನಗೂಡಿನಿಂದ ಐದಾರು ಹರದಾರಿಯ ದೂರವಷ್ಟೇ. ಆದರೆ ಕಾಲೇಜಿನ ಮೆಟ್ಟಿಲು ಹತ್ತದ, ಸಂಸ್ಕೃತಭೂಯಿಷ್ಠ ಶೈಲಿಯಲ್ಲಿ ನೀತಿಬೋಧೆಯ ಕಥೆ ಬರೆಯುತ್ತಿದ್ದ ಮಹಿಳೆಗೆ ಆ ವಲಯ ದೂರವೇ ಉಳಿಯಿತು. ಹೊಸ ವಿಮರ್ಶೆಯ ಅಳತೆಗೋಲಿಗೆ ಅವರ ಕೃತಿಗಳು ಹಳತಾಗಿ ಕಂಡವು. ನೂರಾರು ಪುಟ ಬರೆದಿದ್ದ ಕೈ ಕ್ರಮೇಣ ನಿಂತುಹೋಯಿತು. ಆ ಹೊತ್ತಿನಲ್ಲಿ ಅವರ ಬರಹವನ್ನು ಕೈಗೆತ್ತಿಕೊಂಡು, ಹೀಗೊಮ್ಮೆ ಬರೆದು ನೋಡಿ ಎನ್ನಬಲ್ಲ ಸಹೃದಯರು ಜೊತೆಗಿದ್ದರೆ ಏನಾಗುತ್ತಿತ್ತೋ ಎಂಬ ಪ್ರಶ್ನೆ ಈ ಬದುಕನ್ನು ಓದುವವರನ್ನು ಕಾಡದೆ ಇರದು.

ಬಳಿಕ ಅವರು ಮದರಾಸಿನಲ್ಲಿ ನೆಲೆಸಿದರು. ದಶಕಗಳ ಕಾಲ ಕನ್ನಡ ಸಾಹಿತ್ಯಲೋಕ ಅವರನ್ನು ಮರೆತಿತ್ತು. ತಿರುಮಲಾಂಬ ಇನ್ನೂ ಬದುಕಿದ್ದಾರೆಂಬುದೇ ಬಹುಮಂದಿಗೆ ತಿಳಿದಿರಲಿಲ್ಲ. ಬೆಂಗಳೂರಿನ ಎನ್‌ಎಂಕೆಆರ್‌ವಿ ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಚಿ.ನ. ಮಂಗಳಾ ಅವರು ಈ ಹಿರಿಯ ಲೇಖಕಿಯನ್ನು ಹುಡುಕಿ ಕಂಡರು. ಆಗ ತಿರುಮಲಾಂಬ ತೊಂಬತ್ತು ದಾಟಿದ್ದರು. ಮುಂದೆ ಮಂಗಳಾ ಅವರು ಕಟ್ಟಿದ ಶಾಶ್ವತೀ ಸಂಸ್ಥೆಯು ನಂಜನಗೂಡು ತಿರುಮಲಾಂಬ ಅವರ ಹೆಸರಿನಲ್ಲಿ ಲೇಖಕಿಯರಿಗಾಗಿ ಪ್ರಶಸ್ತಿ ಸ್ಥಾಪಿಸಿತು. 1982ರ ಆಗಸ್ಟ್ 31ರಂದು ತಮ್ಮ 95ನೆಯ ವಯಸ್ಸಿನಲ್ಲಿ ತಿರುಮಲಾಂಬ ನಿಧನರಾದರು.